ಎಂಬತ್ತಕ್ಕೆ ತೆಗೆದುಬಿಡು

೪ ಜೂನ್

ಅಣ್ಣನಿಗೆ,

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ರಜೆ ಚೀಟಿ ಬರೆದದ್ದೇ ಕೊನೆ. ತಪ್ಪಿದ್ದರೆ ನಗಬೇಡ. ನಿಮ್ಮ ಸುರಂಗದ ಕ್ಯಾಂಪಿನಲ್ಲಿ ಫೋನು ಹಿಡಿಯುವುದಿಲ್ಲ, ರೇಷನ್ ಲಾರಿಯಲ್ಲೇ ಟಪಾಲು ಬರುವುದು ಎಂದು ಹೇಳಿ ಹೋದೆಯಲ್ಲ, ಅದಕ್ಕೇ ಧೈರ್ಯ ಮಾಡಿದೆ.

ಅಮ್ಮನ ಕತ್ತಿನ ಆಪರೇಷನ್ ಗಾಯ ಒಣಗಿದೆ. ನರ್ಸಮ್ಮ ವಾರಕ್ಕೊಮ್ಮೆ ಬಂದು ಕೊಳವೆ ಶುಚಿ ಮಾಡಿ ಹೋಗುತ್ತಾರೆ. ನೀನು ಕೊಟ್ಟುಹೋದ ಲ್ಯಾಪ್‌ಟಾಪನ್ನು ಅಮ್ಮ ಮೊದಮೊದಲು ಮುಟ್ಟಲೇ ಇಲ್ಲ. ಆಮೇಲೆ ಒಂದು ದಿನ ನಾನು ಒತ್ತಿದ್ದನ್ನು ಅದು ಹೆಣ್ಣು ದನಿಯಲ್ಲಿ ಓದಿದ್ದು ಕೇಳಿ, ತಾನೂ ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಅದು ಗಟ್ಟಿಯಾಗಿ ಓದಿತು: "ಈ ಹೆಂಗಸು ಯಾರು?" ನನಗೆ ನಗು ತಡೆಯಲಾಗಲಿಲ್ಲ. ಅಮ್ಮನೂ ನಕ್ಕಳು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು. ಆ ದನಿಗೆ ಈಗ ಮೇಡಂ ಎಂದು ಹೆಸರಿಟ್ಟಿದ್ದಾಳೆ. ತರಕಾರಿ ಮಂಡಿಯಲ್ಲಿ ಅಷ್ಟು ವರ್ಷ ಹರಾಜು ಕೂಗಿದವಳಿಗೆ ಆ ದನಿ ಎಲ್ಲಿ ಹಿಡಿಸೀತು? ಬೈಗುಳವನ್ನೂ ಅದು ಬ್ಯಾಂಕಿನಲ್ಲಿ ಟೋಕನ್ ಕರೆದ ಹಾಗೆ ಓದುತ್ತದೆ. ಮೊನ್ನೆ ಹಾಲಿನವನಿಗೆ, "ನಿನ್ನ ಹಾಲಿಗಿಂತ ನಮ್ಮ ನಲ್ಲಿ ನೀರೇ ಗಟ್ಟಿ ಕಣಪ್ಪ" ಎಂದು ಮೇಡಂ ಬಾಯಲ್ಲಿ ಹೇಳಿಸಿದಳು. ಅವನು ಬೆಪ್ಪಾಗಿ ನಿಂತ.

ಈಗ ಬೆಳಗಿನಿಂದ ಮಾತೇ ಮಾತು. ನಾನು ಇಸ್ತ್ರಿ ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಮೇಡಂ ಶುರು.

ಅಣ್ಣನಿಗೆ ಏನಾದರೂ ಬರೆಯಲಾ ಎಂದು ಕೇಳಿದೆ. ಅಮ್ಮ ಬಹಳ ಹೊತ್ತು ಒತ್ತಿದಳು. "ಅವನಿಗೆ ಹೇಳೋದಿದೆ. ಕಾಗದದಲ್ಲಿ ಹೇಳೋದಲ್ಲ. ಬಂದು ಎದುರಿಗೆ ಕೂತ್ಕೊಳ್ಳಲಿ, ಕಿವೀಲಿ ಕೇಳಲಿ."

ಒಂದು ತೊಂದರೆ ಇದೆ. ಚಾರ್ಜರನ್ನು ನಾವು ತೆಗೆಯುವುದೇ ಇಲ್ಲ. ಲ್ಯಾಪ್‌ಟಾಪ್ ಅಮ್ಮನ ಪಕ್ಕ ನೆಲದ ಮೇಲೆ ಇರುತ್ತದೆ. ಕೆಳಗಿನ ಬೇಕರಿಯ ಒಲೆಯಿಂದ ನಮ್ಮ ನೆಲ ಯಾವಾಗಲೂ ಬೆಚ್ಚಗೆ, ನಿನಗೆ ಗೊತ್ತಲ್ಲ. ಅದು ದೋಸೆ ಹೆಂಚಿನ ಹಾಗೆ ಕಾಯುತ್ತದೆ. ಕರೆಂಟು ಹೋದರೆ ಮೊದಲಿನಷ್ಟು ಹೊತ್ತು ತಾಳುವುದಿಲ್ಲ. ಏನು ಮಾಡಬೇಕು, ತಿಳಿಸಿ ಬರೆ.

ನಿನ್ನ ಗುಬ್ಬಿ


೧೯ ಜೂನ್

ಗುಬ್ಬಿ,

ನಗಲಿಲ್ಲ. ಹಾಲಿನವನ ವಿಷಯಕ್ಕೆ ಮಾತ್ರ ನಕ್ಕೆ. ಅಡುಗೆಯವನಿಗೂ ಓದಿ ಹೇಳಿದೆ.

ಇಲ್ಲಿ ಉಳಿದವರೆಲ್ಲ ಗುಡ್ಡದ ಹೊಟ್ಟೆ ಕೊರೆಯುತ್ತಾರೆ, ನಾನು ಬ್ಯಾಟರಿ ಕೋಣೆ ಕಾಯುತ್ತೇನೆ. ಬಿಸಿಲಿನ ಹಲಗೆಗಳಿಂದ ಬಂದ ಕರೆಂಟೆಲ್ಲ ನನ್ನ ಕೋಣೆಯಲ್ಲಿ ಕೂಡುತ್ತದೆ. ಯಾರ ದೀಪ ಎಷ್ಟು ಹೊತ್ತು ಉರಿಯಬೇಕು, ಯಾರ ರೇಡಿಯೋ ಯಾವಾಗ ಬಾಯಿ ಮುಚ್ಚಬೇಕು, ಎಲ್ಲ ನನ್ನ ಕೈಯಲ್ಲಿ. ಅಡುಗೆಯವನು ನನ್ನನ್ನು ಜಿಪುಣರಾಯ ಎನ್ನುತ್ತಾನೆ.

ರಜೆ ಈಗ ಸಿಗುವ ಹಾಗಿಲ್ಲ. ಮಳೆಗಾಲ ಕಳೆಯಲಿ ಎಂದರು. ಅಮ್ಮನಿಗೆ ಸಮಾಧಾನವಾಗಿ ಹೇಳು.

ಈಗ ಲ್ಯಾಪ್‌ಟಾಪ್ ವಿಷಯ. ಸರಿಯಾಗಿ ಕೇಳಿಸಿಕೋ. ಚಾರ್ಜರನ್ನು ಇಡೀ ದಿನ ಸಿಕ್ಕಿಸಿ ಇಡಬೇಡ. ಬ್ಯಾಟರಿ ನೂರಕ್ಕೆ ತುಂಬಿ ತುಂಬಿಯೇ ಇದ್ದರೆ ಬಳಲುತ್ತದೆ, ಕೊನೆಗೆ ಉಬ್ಬಿಕೊಳ್ಳುತ್ತದೆ. ಎಂಬತ್ತಕ್ಕೆ ಬಂದ ಕೂಡಲೇ ತೆಗೆದುಬಿಡು. ಇಪ್ಪತ್ತಕ್ಕಿಂತ ಕೆಳಗೆ ಇಳಿಯಲು ಬಿಡಬೇಡ. ಕಾವು ಅದಕ್ಕೆ ವಿಷ. ನೆಲದಿಂದ ಎತ್ತಿ ಎಲ್ಲಾದರೂ ಗಾಳಿಯಾಡುವ ಕಡೆ ಇಡು, ಹಾಸಿಗೆ ದಿಂಬಿನ ಮೇಲೂ ಬೇಡ.

ಇನ್ನೊಂದು. ಬ್ಯಾಟರಿಗೆ ಹುಟ್ಟುವಾಗಲೇ ಆಯುಷ್ಯ ಎಣಿಸಿರುತ್ತಾರೆ. ಇಷ್ಟು ಸಲ ತುಂಬಿ ಬರಿದಾದರೆ ಅದರ ಕಥೆ ಮುಗಿಯಿತು. ಬಳಸಿದಷ್ಟೂ ಸವೆಯುತ್ತದೆ. ನಾನು ಕೊಂಡದ್ದು ಹಳೆಯ ಲ್ಯಾಪ್‌ಟಾಪ್, ಆ ಮಾದರಿಯ ಬ್ಯಾಟರಿ ಈಗ ಎಲ್ಲೂ ಸಿಗುವುದಿಲ್ಲ. ಅದು ಸತ್ತರೆ ಅಮ್ಮನ ಮಾತು ಎರಡನೇ ಸಲ ಹೋದ ಹಾಗೆ. ಇದನ್ನು ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳು. ನಿನ್ನ ಮರೆವು ನನಗೆ ಗೊತ್ತು. ಅವಳಾದರೆ ಜೋಪಾನ ಮಾಡುತ್ತಾಳೆ.

ಅಣ್ಣ


೩ ಜುಲೈ

ಅಣ್ಣನಿಗೆ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅಮ್ಮ ಮಾತು ಬಿಟ್ಟಿದ್ದಾಳೆ.

ನಿನ್ನ ಕಾಗದ ಬಂದ ಸಂಜೆ ಕಿಟಕಿ ಹತ್ತಿರ ಕೂತು ಪೂರ್ತಿ ಓದಿ ಹೇಳಿದೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ರಜೆ ಇಲ್ಲ ಎಂದು ಓದಿದಾಗ ಕಣ್ಣು ಬಿಟ್ಟಳು. ಕೊನೆಯ ತನಕ ಓದಿ ಮುಗಿಸಿದೆ. ಇನ್ನೊಂದು ಸಲ ಓದು ಎಂದು ಕೈಮಾಡಿದಳು. ಓದಿದೆ. ಆಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಮೆಲ್ಲಗೆ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಳು. ಅಂದಿನಿಂದ ಒಂದು ಅಕ್ಷರ ಒತ್ತಿಲ್ಲ.

ನೀರು ಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ. ಹೂಂ, ಊಹೂಂ ಎರಡಕ್ಕೂ ತಲೆಯೇ. ಸ್ಲೇಟು ತಂದುಕೊಟ್ಟೆ, ಬರೆದು ತೋರಿಸು ಎಂದೆ. ಅದನ್ನು ಬಾಗಿಲ ಹಿಂದೆ ಇಟ್ಟುಬಿಟ್ಟಳು. ಮೂಗಿಯ ಹಾಗೆ ಸ್ಲೇಟು ಹಿಡಿಯುವುದಿಲ್ಲ ಎಂದು ಆಸ್ಪತ್ರೆಯಲ್ಲೇ ಹಟ ಮಾಡಿದ್ದಳಲ್ಲ. "ಅಣ್ಣನ ಮೇಲೆ ಸಿಟ್ಟಾ ಅಮ್ಮಾ?" ಎಂದು ಕೇಳಿದೆ. ಗಾಳಿಯಲ್ಲಿ ಕೈ ಬೀಸಿದಳು. ಇಲ್ಲ ಎಂದೋ, ಹೋಗತ್ತ ಎಂದೋ ಗೊತ್ತಾಗಲಿಲ್ಲ.

ನೀನು ಬರುವುದಿಲ್ಲ ಎಂದದ್ದು ಅವಳಿಗೆ ತಡೆಯಲಾಗಿಲ್ಲ ಅಣ್ಣ. ಬೇರೆ ಏನಿರಲು ಸಾಧ್ಯ? ಮನೆ ಬಿಕೋ ಎನ್ನುತ್ತದೆ. ಹಾಲಿನವನು ಕೂಡ ಕೇಳುತ್ತಾನೆ, ಮೇಡಂ ರಜೆ ಮೇಲೆ ಹೋದರಾ ಅಂತ.

ಗುಬ್ಬಿ


೨೨ ಜುಲೈ

ಗುಬ್ಬಿ,

ಅದು ರಜೆಯ ಸಿಟ್ಟಲ್ಲ. ಸಹಿಯ ಸಿಟ್ಟು. ನನಗೆ ಗೊತ್ತಿತ್ತು, ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ ಎಂದು.

ಗಂಟಲಿನ ಧ್ವನಿಪೆಟ್ಟಿಗೆ ತೆಗೆಯದಿದ್ದರೆ ತಾಯಿ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಹಿಂದಿನ ದಿನವೇ ಅಮ್ಮ ನನ್ನ ಕೈ ಹಿಡಿದು ಹೇಳಿದ್ದಳು, "ನನ್ನನ್ನ ನನ್ನ ಕೂಗಿನ ಜೊತೇಲೇ ಕಳಿಸ್ಕೊಡು ಕಂದ. ಮೂಗಿ ಮಾಡಿ ಉಳಿಸ್ಬೇಡ" ಅಂತ. ಅವಳು ಸೂಜಿಯ ಮಂಪರಿನಲ್ಲಿದ್ದಾಗ ನಾನು ಆಪರೇಷನ್ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ. ಎಚ್ಚರವಾದ ಮೇಲೆ ಬಾಯಿ ತೆರೆದಳು, ಏನೂ ಬರಲಿಲ್ಲ. ಆಗ ಡಾಕ್ಟರನ್ನು ನೋಡಲಿಲ್ಲ ಅವಳು. ನನ್ನನ್ನು ನೋಡಿದಳು.

ಒಂದು ವಿಷಯ ಹೇಳುತ್ತೇನೆ, ಬೈಯಬೇಡ. ಹೋದ ವಾರ ಮೇಲಿನವರು ಕರೆದು, ಆಗಸ್ಟಿನಲ್ಲಿ ಒಂದು ವಾರ ಊರಿಗೆ ಹೋಗಿ ಬಾ ಎಂದಿದ್ದರು. ಚೀಲ ಕೂಡ ಕೊಡವಿ ಇಟ್ಟಿದ್ದೆ. ನಿನ್ನ ಕಾಗದ ಓದಿದ ಮೇಲೆ ಆ ರಜೆಯನ್ನು ಅಡುಗೆಯವನಿಗೆ ಬಿಟ್ಟುಕೊಟ್ಟೆ. ಅವನಿಗೆ ಮಗು ಹುಟ್ಟಿದೆ. ನಾನು ಅಷ್ಟು ದೂರ ಬಂದು ಎದುರಿಗೆ ಕೂತು, ಅಮ್ಮ ಆ ಮುಚ್ಚಳ ತೆಗೆಯದೇ ಹೋದರೆ? ಅದನ್ನು ನೋಡುವ ಗುಂಡಿಗೆ ನನಗಿಲ್ಲ.

ಸಿಟ್ಟು ಇಳಿಯಲಿ. ಅವಳು ಒಂದೇ ಒಂದು ಮಾತು ಆಡಿದ ದಿನ ಬರೆ. ಬೈದರೂ ಸರಿಯೇ. ಲಾರಿ ಸಿಗದಿದ್ದರೆ ನಡೆದಾದರೂ ಬರುತ್ತೇನೆ.

ಅಣ್ಣ


೬ ಆಗಸ್ಟ್

ಅಣ್ಣನಿಗೆ,

ನೀನು ಹೇಳಿದ್ದೇ ಸರಿ ಇರಬಹುದು. ಬಲವಂತ ಮಾಡಿದರೆ ಅಮ್ಮ ಇನ್ನೂ ಬಿಗಿಯಾಗುತ್ತಾಳೆ. ರಜೆ ಬಿಟ್ಟುಕೊಟ್ಟ ವಿಷಯ ಅವಳಿಗೆ ಹೇಳಲಿಲ್ಲ.

ನನಗೆ ಅರ್ಥವಾಗದ್ದು ಒಂದೇ. ಮಾತು ಬೇಡವಾದವಳಿಗೆ ಆ ಲ್ಯಾಪ್‌ಟಾಪ್ ಮೇಲೆ ಯಾಕಿಷ್ಟು ಪ್ರೀತಿ? ನೆಲದಿಂದ ಎತ್ತಿಸಿ ಬೀರುವಿನ ಮೇಲೆ ಇಡಿಸಿದ್ದಾಳೆ, ಕಿಟಕಿ ಗಾಳಿ ತಾಗುವ ಕಡೆ. ದಿನಕ್ಕೊಮ್ಮೆ ಇಳಿಸಿಕೊಂಡು ತೆರೆದು, ಮೂಲೆಯಲ್ಲಿ ಬರುವ ಅಂಕೆ ನೋಡಿ, ಮುಚ್ಚುತ್ತಾಳೆ. ಹಳೆಯ ಹತ್ತಿ ಸೀರೆಯ ತುಂಡಿನಿಂದ ಒರೆಸುತ್ತಾಳೆ. ಚಾರ್ಜಿಗೆ ಹಾಕಿದರೆ ಎದುರಿಗೇ ಕಾವಲು. ಎಂಬತ್ತಾಯಿತೋ, ಚಿಟಿಕೆ ಹೊಡೆದು ನನ್ನನ್ನು ಕರೆಯುತ್ತಾಳೆ. ನಾನು ಸಾರಿಗೆ ಉಪ್ಪು ಹಾಕುತ್ತಿದ್ದರೂ ಬಿಟ್ಟು ಬರಬೇಕು. ಯಂತ್ರಕ್ಕೆ ಮಾಡುವ ಉಪಚಾರದಲ್ಲಿ ಅರ್ಧ ನನಗೆ ಮಾಡಿದ್ದರೆ, ಒಂದು ಮಾತು ಆಡಿದ್ದರೆ, ಎಂದು ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.

ಸ್ವಲ್ಪ ಸೊರಗಿದ್ದಾಳೆ. ಸೆಕೆಗೆ ಇರಬೇಕು. ಊಟ ಮಾಡುತ್ತಾಳೆ. ನೀನು ಗಾಬರಿಯಾಗಬೇಡ. ಆತುರವೇನೂ ಇಲ್ಲ.

ಗುಬ್ಬಿ


೩೦ ಆಗಸ್ಟ್

ಅಣ್ಣ,

ಅಮ್ಮ ಹೋಗಿಬಿಟ್ಟಳು. ಮಂಗಳವಾರ ಬೆಳಿಗ್ಗೆ.

ಎದೆಯಲ್ಲಿ ಕಫ ಕಟ್ಟಿತ್ತು. ನರ್ಸಮ್ಮನಿಗೆ ಹೇಳಿಕಳಿಸಿದೆ, ಅವರು ಬರುವಷ್ಟರಲ್ಲಿ ಆಗಿತ್ತು. ನಾನು ಹತ್ತಿರವೇ ಇದ್ದೆ. ನೋವು ಪಡಲಿಲ್ಲ. ಬೇಕರಿಯವರು ಅಂದು ಒಲೆ ಹಚ್ಚಲಿಲ್ಲ. ಮಂಡಿಯಿಂದ ಹಳೆಯ ಜನ ಬಂದಿದ್ದರು.

ನಿಮ್ಮ ಕಂಪನಿಯ ಆಫೀಸಿಗೆ ಫೋನು ಮಾಡಿಸಿದೆ. ಗುಡ್ಡ ಕುಸಿದು ದಾರಿ ಮುಚ್ಚಿದೆ, ಕ್ಯಾಂಪಿಗೆ ಸುದ್ದಿ ಮುಟ್ಟಿಸಲು ಆಗುತ್ತಿಲ್ಲ ಎಂದರು. ಕಾಯಲು ನೋಡಿದೆವು. ಆಗಲಿಲ್ಲ ಅಣ್ಣ. ಎಲ್ಲ ಮುಗಿಸಿದೆವು.

ಗುಬ್ಬಿ


೨ ಸೆಪ್ಟೆಂಬರ್

ಗುಬ್ಬಿ,

ಇಲ್ಲಿ ಗುಡ್ಡ ಜಾರಿ ದಾರಿ ಮುಚ್ಚಿ ಕೂತಿದೆ. ಉಪ್ಪಿಗೂ ಬರ ಬಂದಿದೆ. ಎರಡು ದಿನದಲ್ಲಿ ತೆರವಾಗುತ್ತದಂತೆ. ಮೊದಲ ಲಾರಿಗೆ ಈ ಕಾಗದ ಹೋಗಲಿ ಎಂದು ಬರೆದಿಡುತ್ತಿದ್ದೇನೆ.

ಅಡುಗೆಯವನು ದಾರಿ ಮುಚ್ಚುವ ಮೊದಲೇ ಊರಿನಿಂದ ಬಂದ. ಬಂದವನೇ ನನಗೆ ಬೈದ. "ಜಿಪುಣರಾಯ, ನೀನು ಬ್ಯಾಟರಿ ಲೆಕ್ಕ ನೋಡೋ ಹಾಗೆ ತಾಯಿ ಸಿಟ್ಟಿನ ಲೆಕ್ಕ ನೋಡ್ತೀಯಲ್ಲೋ. ಹೋಗಿ ಕಾಲ ಹತ್ರ ಕೂತ್ಕೋ. ಆಡಿದ್ರೆ ಆಡ್ಲಿ, ಬಿಟ್ರೆ ಬಿಡ್ಲಿ" ಎಂದ. ರಾತ್ರಿಯೆಲ್ಲ ಯೋಚಿಸಿದೆ. ಅವನು ಹೇಳಿದ್ದು ನಿಜ. ಈ ತಿಂಗಳ ಹದಿನೈದಕ್ಕೆ ಹೊರಡುತ್ತೇನೆ. ರಜೆ ಬರೆಸಿಯಾಯಿತು.

ಅಮ್ಮನಿಗೆ ಹೇಳು. ಅಥವಾ ಬೇಡ, ಹೇಳಬೇಡ. ಸುಮ್ಮನೆ ಬಂದು ನಿಲ್ಲುತ್ತೇನೆ. ಒಂದು ಹೊಸ ಕೂಲಿಂಗ್ ಫ್ಯಾನಿನ ಹಲಗೆ ಸಿಕ್ಕಿದೆ, ಲ್ಯಾಪ್‌ಟಾಪ್ ಕೆಳಗೆ ಇಡಬಹುದು. ಅವಳ ಕೋಪ ಮಾತ್ರ ಇದರಿಂದ ತಣ್ಣಗಾಗುವುದಿಲ್ಲ.

ಅಣ್ಣ


೨೦ ಸೆಪ್ಟೆಂಬರ್

ಗುಬ್ಬಿ,

ನನ್ನ ಕಾಗದ ಒಯ್ದ ಲಾರಿಯೇ ನಿನ್ನ ಕಾಗದ ತಂದಿತ್ತು.

ಹದಿನೈದಕ್ಕೆ ಹೊರಡಲಿಲ್ಲ. ಯಾರ ಕಾಲ ಹತ್ತಿರ ಕೂರಲು ಬರಲಿ? ಕೊನೆಯ ದಿನಗಳಲ್ಲೂ ನನ್ನ ಮೇಲಿನ ಸಿಟ್ಟಿಗೆ ಬಾಯಿ ಮುಚ್ಚಿಕೊಂಡೇ ಹೋದಳು. ಅಂಥ ಮಗ ಯಾವ ಮುಖ ಹೊತ್ತು ಆ ಮೆಟ್ಟಿಲು ಹತ್ತಬೇಕು. ಕಂಪನಿಯವರು ಇದಕ್ಕಿಂತ ದೂರದ ಇನ್ನೊಂದು ಕೆಲಸಕ್ಕೆ ಜನ ಕೇಳುತ್ತಿದ್ದಾರೆ. ಹೆಸರು ಕೊಡೋಣ ಎಂದುಕೊಂಡಿದ್ದೇನೆ. ಇನ್ನು ಊರಿಗೆ ಬರುವ ಕೆಲಸ ನನಗೇನೂ ಇಲ್ಲ.

ನಿಜ ಹೇಳು. ಕೊನೆಗೆ ಏನಾದರೂ ಹೇಳಿದಳಾ? ನನ್ನ ಮನಸ್ಸು ನೋಯದಿರಲಿ ಎಂದು ಕಟ್ಟಿ ಹೇಳಬೇಡ.

ಅಣ್ಣ


೫ ಅಕ್ಟೋಬರ್

ಅಣ್ಣ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಾಗದೆ ಇಟ್ಟುಕೊಂಡಿದ್ದೆ. ನಿನ್ನೆ ನರ್ಸಮ್ಮ ಬಂದಿದ್ದರು, ಕೊಳವೆ ಶುಚಿ ಮಾಡುವ ಸಾಮಾನು ತೆಗೆದುಕೊಂಡು ಹೋಗಲು. ಚಹಾ ಕೊಟ್ಟೆ. ಸಿಟ್ಟಿನಲ್ಲೇ ಹೋದಳು ನಮ್ಮಮ್ಮ ಎಂದೆ. ಅವರು ಲೋಟ ಕೆಳಗಿಟ್ಟರು. "ಯಾರ ಮೇಲೆ ಸಿಟ್ಟು?" ಎಂದರು.

ಒಮ್ಮೆ ನಾನು ಅಂಗಡಿಗೆ ಹೋಗಿದ್ದಾಗ ಅವರು ಅಮ್ಮನನ್ನು ಕೇಳಿದ್ದರಂತೆ, ಯಾಕಮ್ಮ ಈಚೆಗೆ ಮಾತೇ ಇಲ್ಲ ಎಂದು. ಅಮ್ಮ ಬಾಗಿಲ ಕಡೆ ನೋಡಿ, ಲ್ಯಾಪ್‌ಟಾಪ್ ಇಳಿಸಲು ಹೇಳಿ, ಸ್ವಲ್ಪವೇ ಒತ್ತಿದಳಂತೆ. ನರ್ಸಮ್ಮನಿಗೆ ಅದು ಬಾಯಿಪಾಠದ ಹಾಗೆ ನೆನಪಿದೆ. "ಬ್ಯಾಟರಿ ಸವೀತದೆ. ಮಗ ಬಂದಾಗ ಬೇಕು. ಮೊದಲು ಅವನಿಗೆ ಬೈಯೋದಿದೆ. ಬೈದ ಮೇಲೆ ಇನ್ನೊಂದು ಮಾತು ಹೇಳೋದಿದೆ. ಬೈಯೋದ್ರಲ್ಲೇ ಮುಗಿದುಹೋದ್ರೆ?" ಅಷ್ಟು ಹೇಳಿ ಮುಚ್ಚಳ ಮುಚ್ಚಿ, ತುಟಿ ಮೇಲೆ ಬೆರಳಿಟ್ಟಳಂತೆ. ನನಗೆ ಗೊತ್ತಾದರೆ ಮಾತಾಡು ಮಾತಾಡು ಎಂದು ಪೀಡಿಸುತ್ತೇನೆ ಅಂತ ಇರಬೇಕು. ತಾಯಿ ಮಕ್ಕಳ ತಮಾಷೆ ಎಂದುಕೊಂಡು ನರ್ಸಮ್ಮ ಸುಮ್ಮನಿದ್ದರು.

ಚಾರ್ಜಿಗೆ ಹಾಕಿಟ್ಟರೆ ಉಬ್ಬುತ್ತದೆ, ತೆಗೆದು ಬಳಸಿದರೆ ಸವೆಯುತ್ತದೆ. ಎರಡೂ ನೀನೇ ಬರೆದದ್ದು, ಎರಡು ಸಲ ಓದಿದ್ದು ನಾನು. ಅಮ್ಮನಿಗೆ ಉಳಿದ ದಾರಿ ಒಂದೇ, ಮಾತಾಡದೇ ಇರುವುದು.

ಇದನ್ನು ನಿನಗೆ ಬರೆಯಲೋ ಬೇಡವೋ ಎಂದು ಇಸ್ತ್ರಿ ಮಾಡುತ್ತಾ ಯೋಚಿಸಿ ಯಾರದೋ ಅಂಗಿಯ ತೋಳು ಸುಟ್ಟೆ. ಬರೆಯದಿದ್ದರೆ ಅಮ್ಮ ಸಿಟ್ಟಿನಲ್ಲಿ ಹೋದಳು ಎಂದು ನೀನು ಬೆಂದುಕೊಂಡೇ ದೂರ ಹೋಗುತ್ತೀಯ. ಬರೆದರೆ ಅವಳ ಬಾಯಿ ಕಟ್ಟಿದ್ದು ನಿನ್ನ ಕಾಗದ ಎಂದು ತಿಳಿಯುತ್ತದೆ. ಎರಡೂ ಕೆಂಡವೇ. ನಿಜ ಹೇಳು ಎಂದೆಯಲ್ಲ, ಅದಕ್ಕೆ ಬರೆದೆ.

ಇನ್ನೂ ಇದೆ. ಅಮ್ಮ ಊಟ ಮಾಡುತ್ತಾಳೆ ಎಂದು ಬರೆದಿದ್ದೆನಲ್ಲ, ಆಗ ಅವಳಿಗೆ ಗಂಜಿಯೂ ಇಳಿಯುತ್ತಿರಲಿಲ್ಲ. ಕೊನೆಯ ಬೆಳಿಗ್ಗೆ ಉಸಿರು ಸಿಕ್ಕಿಕೊಂಡಾಗ ಲ್ಯಾಪ್‌ಟಾಪ್ ತಂದು ತೊಡೆ ಮೇಲಿಟ್ಟೆ. "ಏನಾದ್ರೂ ಹೇಳಮ್ಮ" ಎಂದೆ. ಮೂಲೆಯ ಅಂಕೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಅದನ್ನು ಹಿಂದಕ್ಕೆ ತಳ್ಳಿ, ಬೀರುವಿನ ಕಡೆ ತೋರಿಸಿದಳು. ಅಲ್ಲಿಡು ಎಂದು. ನಾನು ಅದನ್ನೂ ಸಿಟ್ಟು ಎಂದೇ ತಿಳಿದೆ.

ಗುಬ್ಬಿ


೧೮ ಅಕ್ಟೋಬರ್

ಗುಬ್ಬಿ,

ಚಾರ್ಜರ್ ಸಿಕ್ಕಿಸಿಕೊಂಡೇ ಮಾತಾಡಬಹುದಿತ್ತು. ಆಗ ಅದು ಗೋಡೆಯ ಕರೆಂಟಿನಲ್ಲಿ ನಡೆಯುತ್ತದೆ, ಬ್ಯಾಟರಿ ಸವೆಯುವ ಮಾತೇ ಇಲ್ಲ. ಸದಾ ಸಿಕ್ಕಿಸಿಟ್ಟರೆ ಹಾಳಾಗುತ್ತದೆ ನಿಜ, ಆದರೆ ನಿಧಾನವಾಗಿ, ವರ್ಷಗಟ್ಟಲೆ ಹಿಡಿಯುತ್ತದೆ. ಬ್ಯಾಟರಿ ಪೂರ್ತಿ ಸತ್ತಿದ್ದರೂ ತಂತಿಯಲ್ಲಿ ಕರೆಂಟು ಇರುವಷ್ಟು ಹೊತ್ತು ಅದು ಮಾತಾಡುತ್ತಿತ್ತು. ಇದನ್ನು ನಾನು ಬರೆಯಲಿಲ್ಲ. ನನಗೆ ಗೊತ್ತಿದ್ದದ್ದರಿಂದ ಬರೆಯಬೇಕು ಎಂದು ಹೊಳೆಯಲೇ ಇಲ್ಲ.

ಎರಡನೇ ಸಲ ಮಾತು ಹೋದ ಹಾಗೆ ಎಂದು ಬರೆದದ್ದು ನಿನ್ನನ್ನು ಹೆದರಿಸಲು. ಹೆದರಿದರೆ ಸರಿಯಾಗಿ ನೋಡಿಕೊಳ್ಳುತ್ತೀಯ ಎಂದು. ಹೆದರಿದವಳು ಅಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೇ ಹೋದ ಮಾತಿಗೆ ಯಾರೂ ಗಾದೆ ಕಟ್ಟಿಲ್ಲ. ಆ ಇನ್ನೊಂದು ಮಾತು ಏನಿರಬಹುದು ಎಂದು ಬ್ಯಾಟರಿ ಕೋಣೆಯಲ್ಲಿ ಕೂತು ಯೋಚಿಸುತ್ತೇನೆ. ಒಳ್ಳೆಯದನ್ನು ಯೋಚಿಸಿದರೆ ಅದಕ್ಕೆ ನಾನು ತಕ್ಕವನಲ್ಲ ಅನಿಸುತ್ತದೆ. ಕೆಟ್ಟದ್ದನ್ನು ಯೋಚಿಸಿದರೆ ಅಮ್ಮನಿಗೆ ಅನ್ಯಾಯ. ಅಡುಗೆಯವನು ತಟ್ಟೆ ತಂದಿಟ್ಟು ಹೋಗುತ್ತಾನೆ.

ದೂರದ ಕೆಲಸಕ್ಕೆ ಇನ್ನೂ ಹೆಸರು ಕೊಟ್ಟಿಲ್ಲ. ನಾನು ಬಂದರೆ ನನ್ನ ಮುಖ ನೋಡುತ್ತೀಯಾ? ಇಲ್ಲ ಎಂದರೂ ತಪ್ಪು ತಿಳಿಯುವುದಿಲ್ಲ.

ಅಣ್ಣ


೨೭ ಅಕ್ಟೋಬರ್

ಅಣ್ಣ,

ಆ ಇನ್ನೊಂದು ಮಾತು ನನಗೂ ಗೊತ್ತಿಲ್ಲ. ಗೊತ್ತು ಎಂದು ಸುಳ್ಳು ಬರೆಯಲು ಕೂತಿದ್ದೆ. ನಿನ್ನನ್ನು ಕ್ಷಮಿಸಿದಳು ಎಂದು ಒಂದು ಸಲ ಬರೆದೆ, ನೀನು ಹಾಕಿದ ಸಹಿ ಸರಿಯೇ ಎಂದಳು ಎಂದು ಇನ್ನೊಂದು ಸಲ ಬರೆದೆ. ಎರಡೂ ಹರಿದೆ. ಓದಿ ನೋಡಿದರೆ ಅಮ್ಮನ ಮಾತಿನ ಹಾಗೆ ಇರಲಿಲ್ಲ. ಅವಳು ಹೇಳಿದ್ದರೆ ನಾವಿಬ್ಬರೂ ಊಹಿಸದಂಥದ್ದು ಏನೋ ಹೇಳುತ್ತಿದ್ದಳು.

ಚಾರ್ಜರ್ ವಿಷಯ ನೀನೊಬ್ಬನೇ ಹೊರಬೇಡ. ಇಡೀ ದಿನ ಇಸ್ತ್ರಿ ಪೆಟ್ಟಿಗೆಯನ್ನು ತಂತಿಗೆ ಸಿಕ್ಕಿಸಿಕೊಂಡೇ ಉಜ್ಜುವವಳು ನಾನು. ಒಂದು ದಿನವೂ ನನಗೆ ಹೊಳೆಯಲಿಲ್ಲ. ಆತುರವಿಲ್ಲ ಎಂದು ಬರೆದವಳೂ ನಾನೇ.

ಇನ್ನು ಕಾಗದ ಬೇಡ. ಕಾಗದದಲ್ಲಿ ನಾವು ಒಬ್ಬರನ್ನೊಬ್ಬರು ತಪ್ಪು ತಿಳಿದದ್ದು ಸಾಕು. ಮುಂದಿನ ಲಾರಿಗೆ ಹೊರಟು ಬಾ. ಕೀಲಿ ಬೇಕರಿಯಲ್ಲಿ ಇರುತ್ತದೆ. ನಾನು ಅಂಗಡಿಯಿಂದ ಬರುವುದು ಕತ್ತಲಾದ ಮೇಲೆ. ಅನ್ನ ಬಡಿಸಿಕೊಂಡು ಉಣ್ಣು, ಕಾಯಬೇಡ.

ದಾರಿಯಲ್ಲಿ ಅಳಬೇಡ ಅಣ್ಣ. ಇಲ್ಲಿಗೆ ಬಂದು ಅಳು. ನಾನೂ ಇನ್ನೂ ಅತ್ತಿಲ್ಲ.

ಗುಬ್ಬಿ